ಅಳತೆ ಪುಸ್ತಕದಲ್ಲಿ ಪೊಡಿಯಬ್ಬ

ಸೊಂಟ ಇಪ್ಪತ್ತೆಂಟು. ತೊಡೆ ಇಪ್ಪತ್ತನಾಲ್ಕು.
ಟೇಪು ತಪ್ಪಿತೆಂದು ಮತ್ತೊಮ್ಮೆ ಸುತ್ತಿದೆ.
ತಪ್ಪಿರಲಿಲ್ಲ.
ಮನಾಮಾದ ದರ್ಜಿಗಲ್ಲಿಯಲ್ಲಿ ನಾನಾಗ ಹದಿನೇಳರವ,
ಮುಲ್ಕಿಯಿಂದ ಬಂದ ಕಾಜಾ ಹುಡುಗ;
ಒಬ್ಬನ ತೊಡೆ ಇನ್ನೊಬ್ಬನ ನಡುವಿನಷ್ಟು ಇರಬಹುದೆಂದು
ಯಾರೂ ಹೇಳಿಕೊಟ್ಟಿರಲಿಲ್ಲ.

ಬೆಂಗ್ರೆಯ ಪೊಡಿಯಬ್ಬ, ಐಸ್ ಫ್ಯಾಕ್ಟರಿಯವ.
ಗೋಣಿ ಸುತ್ತಿದ ಮಂಜುಗಡ್ಡೆ ಕ್ಯಾರಿಯರಿಗೆ ಬಿಗಿದು
ಆಗಸ್ಟಿನ ಮಟಮಟ ಮಧ್ಯಾಹ್ನ
ಮುಹರ್ರಕ್ಕಿನ ಸೇತುವೆ ದಾಟುತ್ತಿದ್ದ.
ಬೇರೆಯವರು ತಂದರೆ ಅರ್ಧ ನೀರು,
ಇವನು ತಂದದ್ದರ ಮೂಲೆಯೂ ಮೊಂಡಾಗಿರುತ್ತಿರಲಿಲ್ಲ.
ತಾಮ್ರದಂಗಡಿಯ ಹಾಜಿ ಮಕ್ಕಿ ನೋಡಿದರು,
ಗಡ್ಡೆಯನ್ನಲ್ಲ, ಗಡಿಯಾರವನ್ನು.
"ಇನ್ನು ಏನನ್ನೂ ಹೊರಬೇಡ. ಬರೀ ತುಳಿ.
ತಿಂಗಳಿಗೆ ತೊಂಬತ್ತು."

ಎಲ್ಲಿಗೂ ಹೋಗದಿರುವುದಕ್ಕೆ ಸಂಬಳ!
ಗಲ್ಲಿಯೆಲ್ಲ ನಕ್ಕಿತು.
ಕೆಂಪು ಹತ್ತರ ನೋಟುಗಳು ಒಂಬತ್ತು,
ನಮ್ಮದೇ ಬ್ಯಾಂಕಿನವು, ನಮ್ಮೂರಲ್ಲಿ ನಡೆಯದವು.

ಮರಳಿಗೆ ಹೊಲಸೆಣ್ಣೆ ಸುರಿದು ರೋಲರ್ ಎಳೆದ ಕಪ್ಪು ದಾರಿ,
ತಿರುವಿನಲ್ಲಿ ದೋಣಿಯ ಹೊಟ್ಟೆಯ ಹಾಗೆ ಎದ್ದದ್ದು.
ಸೈಕಲ್ಲಿಗೆ ಬ್ರೇಕಿಲ್ಲ, ಬೆಲ್ಲಿಲ್ಲ, ಮಡ್‌ಗಾರ್ಡಿಲ್ಲ;
ಚಕ್ರ ತಿರುಗುವಷ್ಟು ಕಾಲ
ಕಾಲೂ ತಿರುಗಲೇಬೇಕು.
"ನಿಲ್ಲಿಸುವುದು ಹೇಗೆ ಮಾರಾಯಾ?"
"ನಿಲ್ಲಿಸುವುದಲ್ಲ," ಅಂದ,
"ಅದನ್ನು ಸುಸ್ತು ಮಾಡುವುದು."

ಹಾಜಿಯ ಗುಮಾಸ್ತ ಚೀಟಿಯಲ್ಲಿ ನಂಬರು ಕಳಿಸಿದ:
ಒಂದು ಉರುಟು. ಅಷ್ಟೇ.
ಬಿಳಿ ಬನಿಯನಿಗೆ ಕೆಂಪು ಬಟ್ಟೆ ಇಟ್ಟು ಹೊಲಿಯುತ್ತಾ
ನನಗೆ ಒಳಗೊಳಗೇ ಸಂಕಟ,
ಊರವನ ಬೆನ್ನಿಗೆ ನಾನೇ ಸೊನ್ನೆ ಹಾಕುವುದೇ?
ಅವನು ನಕ್ಕ. ಮದರಸದಲ್ಲಿ ಬೆತ್ತ ತಿಂದು ಕಲಿತವ:
"ಇವರ ಐದು ನೋಡಲಿಕ್ಕೆ ನಮ್ಮ ಸೊನ್ನೆ. ಹೊಲಿ, ಹೊಲಿ."

ಶುಕ್ರವಾರ ಅಸರ್ ಕಳೆದ ಮೇಲೆ ಐವತ್ತು ಸುತ್ತು.
ಎಣಿಕೆ ನನ್ನದು: ಐವತ್ತು ಖರ್ಜೂರದ ಬೀಜ
ಬಲಕಿಸೆಯಿಂದ ಎಡಕಿಸೆಗೆ.
ಅಬಾದಾನಿನ ಬೆಹ್ರೂಜ್, ಎಣ್ಣೆ ಕಂಪನಿಯ ಬಿಳಿ ಫಿಟ್ಟರ್,
ಲೆಂಗೆಯ ಅಣ್ಣತಮ್ಮಂದಿರು.
ಮುಂದಿದ್ದವನು ಗಾಳಿ ಒಡೆಯುತ್ತಾನೆ,
ಹಿಂದಿನವನು ಅವನ ಬೆನ್ನ ಮರೆಯಲ್ಲಿ ಉಸಿರು ಕೂಡಿಡುತ್ತಾನೆ.
ನಲವತ್ತೇಳು ಸುತ್ತು ಪೊಡಿಯಬ್ಬ ಮರೆಯಲ್ಲೇ.
ನಲವತ್ತೆಂಟನೆಯ ಬೀಜ ಬೆರಳಿಗೆ ಸಿಗುವಾಗ
ನನ್ನ ಸೊನ್ನೆ ಎಲ್ಲರಿಗಿಂತ ಮುಂದೆ.

ಹಾಗೆ ಮೂರು ಚಳಿಗಾಲ.
ನಾಲ್ಕನೆಯದರಲ್ಲೊಂದು ಶುಕ್ರವಾರ
ಬಲಕಿಸೆ ಬರಿದಾಯಿತು, ನಾನು ಕೈಬಟ್ಟೆ ಬೀಸಿದೆ,
ಅವನು ಬೆನ್ನು ನೆಟ್ಟಗೆ ಮಾಡಿ ಎರಡೂ ಕೈ ಎತ್ತಿದ.
ಇನ್ನೊಂದು ಸುತ್ತು ಇತ್ತು.
ಬೆಹ್ರೂಜ್ ಪಕ್ಕದಲ್ಲೇ ಹಾದುಹೋದ,
ತಿರುಗಿಯೂ ನೋಡದೆ.

ದರ್ಜಿಯ ಕಿಸೆಯಲ್ಲಿ ತೂತು.
ಬೀಜವೊಂದು ಕಾಲಿಗುಂಟ ಜಾರಿ
ಚಪ್ಪಲಿಯೊಳಗೆ ಕುಳಿತಿತ್ತು;
ಕಲ್ಲೆಂದುಕೊಂಡು ಸುಮ್ಮನಿದ್ದೆ.
"ನಾನೇ ಎಣಿಕೆ ತಪ್ಪಿದೆ" ಎಂದ ಪೊಡಿಯಬ್ಬ, ಹಾಜಿಯೆದುರು.
ಆ ತಿಂಗಳು ನಾಲ್ಕೂವರೆ ನೋಟು.
ನನ್ನೊಡನೆ ಅದರ ಮಾತೆತ್ತಲಿಲ್ಲ,
ಆಗಲೂ, ಆಮೇಲೂ.

ಮತ್ತೆ ಹಾಜಿಯ ಮಗ ಬೇರೂತಿನಿಂದ ಮೋಟಾರ್ ಸೈಕಲ್ ಇಳಿಸಿದ.
ಜನ ಹೊಗೆಯ ಕಡೆ ತಿರುಗಿ ಕೂತರು.
ರೂಪಾಯಿ ಹೋಗಿ ದಿನಾರ್ ಬಂತು,
ಐಸು ವ್ಯಾನಿನಲ್ಲಿ ಬಂತು.
ಬೊಂಬಾಯಿ ಹಡಗಿಗೆಂದು ಪ್ಯಾಂಟು ಹೊಲಿಸಲು ಬಂದ:
ಸೊಂಟ ಮೂವತ್ತೊಂದು. ತೊಡೆ ಇಪ್ಪತ್ತು.
ಈ ಸಲವೂ ಎರಡು ಬಾರಿ ಸುತ್ತಿದೆ.
ಕಿಸೆಗಳಿಗೆ ಜೋಡಿ ಹೊಲಿಗೆ ಹಾಕಿದೆ.

ಯಾರಿಂದಲೋ ಬರೆಸಿದ ಒಂದು ಕಾಗದ ಬಂದಿತ್ತು.
ಬೆಂಗ್ರೆಯ ಪೂಳಿಯಲ್ಲಿ ಸೈಕಲ್ ಓಡುವುದಿಲ್ಲ,
ತಲೆಕೆಳಗಾಗಿ ಮಾಡಿಗೆ ಕಟ್ಟಿದ್ದೇನೆ,
ಹಿಂದಿನ ಚಕ್ರದಲ್ಲಿ ಬಲೆಯ ನೂಲು ಸುತ್ತುತ್ತೇವೆ,
ಮಕ್ಕಳು ಕೈಯಲ್ಲಿ ತುಳಿಯುತ್ತಾರೆ.

ಮೈದಾನವಿದ್ದಲ್ಲಿ ಈಗ ಕಾರುಗಳು ನಿಲ್ಲುತ್ತವೆ.
ಅಳತೆ ಪುಸ್ತಕ ಮಾತ್ರ ನನ್ನ ಹತ್ತಿರವೇ ಇದೆ.
ಅವನ ಹೆಸರಿನೆದುರು ಬಾಕಿಯ ಕಾಲಮ್ಮಿನಲ್ಲಿ
ಒಂದು ಉರುಟು, ನನ್ನದೇ ಕೈ.
ಆ ಹೊತ್ತಿಗೆ ಎರಡೂ ಲೆಕ್ಕ ಕಲಿತಿದ್ದೆ.
ಸೊನ್ನೆಯೆಂದು ಬರೆದೆನೋ, ಐದೆಂದೋ,
ನೆನಪಿಲ್ಲ.